ಪುಕ್ಕಟೆ ವಿಪಿಎನ್ ಹಾಕಿಕೊಳ್ಳುವ ಮುನ್ನ ಓದಿ: ನಿಮ್ಮ ಐಪಿ ವಿಳಾಸ ಬಾಡಿಗೆಗೆ ಹೋಗಬಹುದು

ನೆಟ್‌ವರ್ಕ್ ರಿಪೇರಿ ಮಾಡುವವರ ಬಳಿ ಪದೇಪದೇ ಬರುವ ದೂರು ಇದು. ಮನೆಯ ವೈಫೈನಲ್ಲಿ ಯಾವ ಸೈಟ್ ತೆರೆದರೂ ಕ್ಯಾಪ್ಚಾ. ಚಿತ್ರಗಳನ್ನು ಸರಿಯಾಗಿ ಗುರುತಿಸಿದರೂ ಇನ್ನೊಂದು ಕ್ಯಾಪ್ಚಾ. ಕೆಲವು ಕಡೆ ನೇರವಾಗಿ 403, ಅಂದರೆ ‘ಪ್ರವೇಶವಿಲ್ಲ’ ಎಂಬ ಸಂದೇಶ. ಕಾರ್ಡ್ ಸರಿಯಿದ್ದರೂ ಪಾವತಿ ಆಗುವುದಿಲ್ಲ. ಮನೆಯವರು ಕುಕಿ ಅಳಿಸುತ್ತಾರೆ, ಬ್ರೌಸರ್ ಬದಲಿಸುತ್ತಾರೆ, ಕಡೆಗೆ ಫೋನನ್ನೇ ರೀಸೆಟ್ ಮಾಡಿ ಫೋಟೊಗಳನ್ನೂ ಕಳೆದುಕೊಳ್ಳುತ್ತಾರೆ. ಏನು ಮಾಡಿದರೂ ಪ್ರಯೋಜನವಿಲ್ಲ, ಏಕೆಂದರೆ ಸೈಟುಗಳು ತಡೆದಿರುವುದು ಫೋನನ್ನಲ್ಲ, ಮನೆಯ ಐಪಿ ವಿಳಾಸವನ್ನು, ಅಂದರೆ ಇಂಟರ್‌ನೆಟ್‌ನಲ್ಲಿ ಮನೆಯ ಸಂಪರ್ಕವನ್ನು ಗುರುತಿಸುವ ಸಂಖ್ಯೆಯನ್ನು. ರೂಟರ್ ಹಿಂದಿರುವ ಫೋನು, ಟಿವಿ, ಲ್ಯಾಪ್‌ಟಾಪ್ ಎಲ್ಲವೂ ಹೊರಗಿನವರಿಗೆ ಕಾಣುವುದು ಆ ಒಂದೇ ವಿಳಾಸದಿಂದ. ಒಂದು ಸಾಧನ ಕೆಟ್ಟರೆ ಎಲ್ಲಕ್ಕೂ ಏಟು.

ಇಂಥ ಕಡೆ ಮೊದಲು ಹುಡುಕಬೇಕಾದದ್ದು ಪುಕ್ಕಟೆ ವಿಪಿಎನ್ (ನಿಮ್ಮ ಸಂಪರ್ಕವನ್ನು ಬೇರೆ ಸರ್ವರ್ ಮೂಲಕ ಹಾಯಿಸಿ ನಿಮ್ಮ ವಿಳಾಸ ಮರೆಮಾಡುವ ಆ್ಯಪ್) ಅಥವಾ ‘ನಿಮ್ಮ ಇಂಟರ್‌ನೆಟ್ ಹಂಚಿ, ಹಣ ಗಳಿಸಿ’ ಎನ್ನುವ ಆ್ಯಪ್. ಇವುಗಳಲ್ಲಿ ಕೆಲವು ನಿಮ್ಮ ಸಂಪರ್ಕವನ್ನು ಪ್ರಾಕ್ಸಿಯಾಗಿ, ಅಂದರೆ ಬೇರೆಯವರು ನಿಮ್ಮ ವಿಳಾಸದ ಮರೆಯಲ್ಲಿ ಓಡಾಡುವ ದಾರಿಯಾಗಿ ಮಾರುತ್ತವೆ. ಡೇಟಾ ಸೆಂಟರ್‌ನ ವಿಳಾಸವನ್ನು ಸೈಟುಗಳು ಸುಲಭವಾಗಿ ಗುರುತಿಸಿ ತಡೆಯುತ್ತವೆ. ಮನೆಯ ವಿಳಾಸವನ್ನು ನಂಬುತ್ತವೆ. ಆ ನಂಬಿಕೆಯೇ ಇಲ್ಲಿ ಮಾರಾಟದ ಸರಕು. ಯಾರೋ ಕದ್ದ ಪಾಸ್‌ವರ್ಡ್‌ಗಳನ್ನು ಪರೀಕ್ಷಿಸುತ್ತಾರೆ, ದಾಖಲೆಯಲ್ಲಿ ಉಳಿಯುವುದು ನಿಮ್ಮ ವಿಳಾಸ. 2024ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆ ಮುರಿದ ‘911 ಎಸ್5’ ಜಾಲದಲ್ಲಿ ಇಂಥ 1.9 ಕೋಟಿ ಐಪಿ ವಿಳಾಸಗಳಿದ್ದವು. ಅದು ಹರಡಿದ್ದು ಮಾಸ್ಕ್‌ವಿಪಿಎನ್, ಡ್ಯೂವಿಪಿಎನ್ ಥರದ ಪುಕ್ಕಟೆ ವಿಪಿಎನ್‌ಗಳ ಮೂಲಕ. ಅಗ್ಗದ ಆಂಡ್ರಾಯ್ಡ್ ಟಿವಿ ಬಾಕ್ಸ್‌ಗಳೂ ಇದೇ ದಂಧೆಗೆ ಬಳಕೆಯಾಗುತ್ತಿವೆ ಎಂದು 2025ರಲ್ಲಿ ಎಫ್‌ಬಿಐ ಎಚ್ಚರಿಸಿದೆ.

ತೊಂದರೆ ಐಪಿಯದೇ ಎಂದು ತಿಳಿಯಲು ವೈಫೈ ಆಫ್ ಮಾಡಿ, ಅದೇ ಫೋನಿನಲ್ಲಿ ಮೊಬೈಲ್ ಡೇಟಾದಿಂದ ಅದೇ ಪುಟ ತೆರೆಯಿರಿ. ತೆರೆದುಕೊಂಡರೆ ಅನುಮಾನ ಬಹುಪಾಲು ಖಚಿತ. ಆಮೇಲೆ ರೂಟರ್‌ನ ಸ್ಟೇಟಸ್ ಪುಟದಲ್ಲಿರುವ ವ್ಯಾನ್ ಐಪಿಯನ್ನು (ಇಂಟರ್‌ನೆಟ್ ಕಂಪನಿ ರೂಟರ್‌ಗೆ ಕೊಟ್ಟ ವಿಳಾಸ), ಐಪಿ ತೋರಿಸುವ ಸೈಟಿನಲ್ಲಿ ಕಾಣುವ ವಿಳಾಸದ ಜೊತೆ ಹೋಲಿಸಿ. ಎರಡೂ ಬೇರೆಯಾಗಿದ್ದು, ವ್ಯಾನ್ ಐಪಿ 100.64ರಿಂದ 100.127ರ ನಡುವಿನ ಅಂಕಿಗಳಿಂದ ಶುರುವಾಗಿದ್ದರೆ ಒಂದೇ ಸಾರ್ವಜನಿಕ ವಿಳಾಸವನ್ನು ಕಂಪನಿ ಹಲವು ಗ್ರಾಹಕರಿಗೆ ಹಂಚಿದೆ ಎಂದರ್ಥ. ಆಗ ತಪ್ಪು ನಿಮ್ಮದಲ್ಲದೆಯೂ ಇರಬಹುದು. ಪ್ರತ್ಯೇಕ ಸಾರ್ವಜನಿಕ ಐಪಿ ಕೊಡಿ ಎಂದು ಕಂಪನಿಯನ್ನು ಕೇಳಬೇಕು.

ಹಂಚಿಕೆ ಇಲ್ಲದಿದ್ದರೆ ಮನೆಯೊಳಗೇ ಹುಡುಕಿ. ಯಾರೂ ಬಳಸದ ಹೊತ್ತಿನಲ್ಲೂ ಅಪ್‌ಲೋಡ್ ಹರಿಯುತ್ತಿದ್ದರೆ ರೂಟರ್‌ಗೆ ಸೇರಿದ ಸಾಧನಗಳನ್ನು ಒಂದೊಂದಾಗಿ ಕಳಚಿ ನೋಡಿ. ಯಾವುದನ್ನು ಕಳಚಿದಾಗ ಹರಿವು ನಿಲ್ಲುತ್ತದೋ ಮೊದಲ ಅನುಮಾನ ಅದರ ಮೇಲೆ. ವಿಂಡೋಸ್‌ನಲ್ಲಿ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿ ಸುಮ್ಮನಾಗಬೇಡಿ, ಅದರ ಸರ್ವಿಸ್ ಹಿನ್ನೆಲೆಯಲ್ಲಿ ಓಡುತ್ತಲೇ ಇರಬಹುದು. ಸರ್ವಿಸಸ್ ಪಟ್ಟಿಯನ್ನೂ ತೆರೆದು ನೋಡಿ.

ಇಲ್ಲಿ ಬಹಳ ಜನ ಎಡವುವುದು ಕೆಲಸದ ಕ್ರಮದಲ್ಲಿ. ಮೊದಲು ಸಾಧನ ಶುದ್ಧವಾಗಬೇಕು, ಐಪಿ ಬದಲಾವಣೆ ಆಮೇಲೆ. ತಿರುಗುಮುರುಗಾದರೆ ಹೊಸ ವಿಳಾಸಕ್ಕೂ ಮಸಿ ಬಳಿದಂತೆ. ಬದಲಾಗುವ ಐಪಿ ಇದ್ದರೆ ರೂಟರ್ ಆರಿಸಿ ಹಚ್ಚಿದಾಗ ಹೊಸದು ಸಿಗಬಹುದು. ಹಳೆಯದೇ ಬಂದರೆ ಲೀಸ್ (ವಿಳಾಸವನ್ನು ನಿಮಗೆ ಕೊಟ್ಟಿರುವ ಅವಧಿ) ಮುಗಿದಿರಲಿಕ್ಕಿಲ್ಲ, ಕೆಲವು ಗಂಟೆ ಆರಿಸಿಡಿ. ಬದಲಾಗದ ಸ್ಟ್ಯಾಟಿಕ್ ಐಪಿಯಾದರೆ ಕಂಪನಿಯೇ ಬದಲಿಸಬೇಕು.

ಅನುಮಾನಾಸ್ಪದ ಐಪಿಗಳ ತಡೆಪಟ್ಟಿ ಇಡುವ ಸ್ಪ್ಯಾಮ್‌ಹೌಸ್ ಸೈಟಿನಲ್ಲಿ ನಿಮ್ಮ ವಿಳಾಸ ಹಾಕಿ ನೋಡಿ. ನೇರವಾಗಿ ಮೇಲ್ ಕಳಿಸಬಾರದ ವಿಳಾಸಗಳ ಪಿಬಿಎಲ್ ಪಟ್ಟಿಯಲ್ಲಿದ್ದರೆ ಗಾಬರಿ ಬೇಡ, ಮನೆಯ ವಿಳಾಸಗಳು ಸಾಮಾನ್ಯವಾಗಿ ಅಲ್ಲಿರುತ್ತವೆ. ಸೋಂಕಿತ ಸಾಧನಗಳ ವಿಳಾಸಗಳ ಎಕ್ಸ್‌ಬಿಎಲ್‌ ಪಟ್ಟಿಯಲ್ಲಿದ್ದರೆ ಮಾತ್ರ ಒಳಗೆ ಸೋಂಕಿರುವ ಸೂಚನೆ. ಪಟ್ಟಿಯಿಂದ ವಿಳಾಸ ತೆಗೆಸಲು ಅಲ್ಲಿ ದುಡ್ಡು ಕೊಡಬೇಕಿಲ್ಲ. ಹಣ ಕೇಳುವ ಮಧ್ಯವರ್ತಿಗಳನ್ನು ದೂರವಿಡಿ.

ತಡೆ ದಾಟಲು ಇನ್ನೊಂದು ಪುಕ್ಕಟೆ ವಿಪಿಎನ್ ಹಾಕುವುದಂತೂ ಬೇಡವೇ ಬೇಡ. ಪುಟದಲ್ಲಿ 429 (‘ಕೋರಿಕೆಗಳು ಅತಿಯಾದವು’ ಎಂಬ ಸಂದೇಶ) ಬಂದರೆ ರಿಫ್ರೆಶ್ ಒತ್ತುತ್ತಾ ಕೂರಬೇಡಿ, ಪ್ರತಿ ಒತ್ತೂ ಕೋರಿಕೆಯಾಗಿಯೇ ಎಣಿಕೆಯಾಗಿ ತಡೆ ಲಂಬಿಸಬಹುದು. 451 ಬಂದರೆ ಅದು ಕಾನೂನಿನ ಕಾರಣಕ್ಕೆ ಹಾಕಿದ ತಡೆ, ಮೇಲೆ ಹೇಳಿದ ಯಾವ ಶುದ್ಧೀಕರಣದಿಂದಲೂ ಹೋಗುವುದಿಲ್ಲ.