ಎಸ್90ವಿ ಚಾಕುಗೆ ತಗೊಂಡ ಡೈಮಂಡ್ ಪ್ಲೇಟ್ ಸೆಟ್, ನಾಲ್ಕು ತಿಂಗಳು ಉಜ್ಜಿದ ಮೇಲೆ

ಈ ಸೆಟ್ ತಗೊಳ್ಳೋಕೆ ಮುಂಚೆ ಒಂದು ಇಡೀ ಭಾನುವಾರ ಹಾಳು ಮಾಡ್ಕೊಂಡೋನು ನಾನು, ಅದನ್ನ ಮೊದ್ಲು ಹೇಳ್ಬಿಡ್ತೀನಿ. ನನ್ ಹತ್ರ ಇರೋದು ಸಿಪಿಎಂ ಎಸ್90ವಿ ಸ್ಟೀಲಿನ ಮಡಚೋ ಚಾಕು. ತಗೊಂಡು ಎಂಟು ತಿಂಗಳು ರಟ್ಟಿನ ಡಬ್ಬ, ಹಗ್ಗ, ಪ್ಲಾಸ್ಟಿಕ್ ಪಟ್ಟಿ ಅಂತ ಸಿಕ್ಕಿದ್ದೆಲ್ಲ ಕೊಯ್ದಿದೀನಿ, ಸಾಣೆ ಕಡೆ ತಲೆನೇ ಹಾಕಿರ್ಲಿಲ್ಲ. ಕೊನೆಗೊಂದಿನ ಪೇಪರ್ ಹರಿಯೋಕೆ ಶುರು ಮಾಡ್ತು, ಸರಿ ಅಂತ ಮನೇಲಿದ್ದ ಮಾಮೂಲಿ ಅಲ್ಯೂಮಿನಿಯಂ ಆಕ್ಸೈಡ್ ಕಲ್ಲು ನೀರಲ್ಲಿ ನೆನೆಸಿ ಕೂತೆ. ಒಂದು ಗಂಟೆ ಆಯ್ತು, ಎರಡಾಯ್ತು, ಕಲ್ಲಿನ ಮೇಲೆ ಕಪ್ಪು ನೀರು ಬರ್ತಿದೆ, ಅಲಗಿನ ಪಕ್ಕ ಪಳಪಳ ಅಂತಿದೆ, ಆದ್ರೆ ಜಪ್ಪಯ್ಯ ಅಂದ್ರೂ ಹರಿತ ಮಾತ್ರ ಆಗ್ತಿಲ್ಲ. ಭೂತಗನ್ನಡಿ ಹಿಡಿದು ನೋಡಿದ್ರೆ ಅಂಚಿನ ಉದ್ದಕ್ಕೂ ಬೆಳ್ಳಗೆ ಒಂದು ಗೆರೆ ಮಿನುಗ್ತಿತ್ತು. ಬೆಳಕು ಮಿನುಗ್ತು ಅಂದ್ರೆ ಆ ಜಾಗ ಇನ್ನೂ ಮೊಂಡು ಅಂತಾನೇ ಅರ್ಥ. ಹಾಳಾದ ಕೈ ನಂದೇ ಸರಿ ಇಲ್ಲ ಅಂದ್ಕೊಂಡು ಮಲಗಿದೆ.

ಕೈದು ತಪ್ಪಲ್ಲ ಅಂತ ಆಮೇಲೆ ಗೊತ್ತಾಯ್ತು. ಈ ಸ್ಟೀಲಲ್ಲಿ ಇಂಗಾಲ 2.3 ಪರ್ಸೆಂಟ್, ವನೇಡಿಯಂ 9 ಪರ್ಸೆಂಟ್ ಇದೆ. ಇವೆರಡೂ ಸೇರಿ ಆಗೋ ವನೇಡಿಯಂ ಕಾರ್ಬೈಡ್ ಅನ್ನೋ ಸಣ್ಣ ಸಣ್ಣ ಕಣ, ಸಿಮೆಂಟ್ ಒಳಗೆ ಜಲ್ಲಿ ಇದ್ದ ಹಾಗೆ ಸ್ಟೀಲ್ ತುಂಬಾ ಕೂತಿರುತ್ತೆ. ಆ ಜಲ್ಲಿಯ ಗಡಸುತನ ವಿಕರ್ಸ್ ಲೆಕ್ಕದಲ್ಲಿ 2600ರ ಸುತ್ತಮುತ್ತ, ನನ್ ಪಾಪದ ಕಲ್ಲಿನದು 2000 ಚಿಲ್ಲರೆ. ಅಂದ್ರೆ ನಾನು ಎರಡು ಗಂಟೆ ಉಜ್ಜಿದ್ದು ಬರೀ ಸಿಮೆಂಟು, ಜಲ್ಲಿ ಇದ್ದ ಹಾಗೇ ಇದೆ! ದಪ್ಪ ಕಣದ ಒರಟು ಕಲ್ಲಾದ್ರೆ ಹೇಗೋ ಕಿತ್ಕೊಂಡು ಹೋಗುತ್ತೆ, ನುಣುಪು ಕಲ್ಲಿಗೆ ಬಂದಾಗ ಆಟ ನಿಂತುಹೋಗುತ್ತೆ. ಸಿಲಿಕಾನ್ ಕಾರ್ಬೈಡ್ ಕಲ್ಲು ಹೆಚ್ಚುಕಮ್ಮಿ ಸಮಸಮ ಹೋರಾಡುತ್ತೆ. ವಜ್ರ ಮಾತ್ರ ಇವಕ್ಕೆಲ್ಲ ಅಪ್ಪ. ಎಂಟು ತಿಂಗಳು ಮೊಂಡಾಗದೆ ಇದ್ದಿದ್ದಕ್ಕೂ, ಒಂದು ದಿನ ಪೂರ್ತಿ ನನ್ನ ಅಳಿಸಿದ್ದಕ್ಕೂ ಕಾರಣ ಅದೇ ಜಲ್ಲಿ, ಹಾಗಾಗಿ ಬೈಯೋ ಹಾಗೂ ಇಲ್ಲ.

ಈಗ ಸೆಟ್ ವಿಷಯ. ಮೂರು ಪ್ಲೇಟ್, 325, 600, 1200 ಮೆಶ್ (ನಂಬರ್ ದೊಡ್ಡದಾದಷ್ಟೂ ಕಣ ನುಣುಪು), ಜೊತೆಗೆ ಮರಕ್ಕೆ ಅಂಟಿಸಿದ ಚರ್ಮದ ಪಟ್ಟಿ, 1 ಮೈಕ್ರಾನ್ ಡೈಮಂಡ್ ಪೇಸ್ಟಿನ ಒಂದು ಸಿರಿಂಜು. ಲೋಹದ ಪ್ಲೇಟ್ ಮೇಲೆ ನಿಕಲ್ ಲೇಪ, ಅದರಲ್ಲಿ ವಜ್ರದ ಪುಡಿ ಒಂದೇ ಪದರ ಹಿಡಿದು ಕೂತಿರುತ್ತೆ. ಇದನ್ನ ಚೆನ್ನಾಗಿ ನೆನಪಿಟ್ಕೊಳ್ಳಿ, ಯಾಕಂದ್ರೆ ಒಂದೇ ಪದರ ಅಂದ್ಮೇಲೆ ಕಿತ್ತು ಹೋದ್ರೆ ಹೋಯ್ತು, ಕೆಳಗೆ ಇನ್ನೊಂದು ಇಲ್ಲ. ಹಳೇ ಕಲ್ಲಿನ ಅಭ್ಯಾಸದಲ್ಲಿ ನಾನು ಮೊದಲ ದಿನ ಮೈಭಾರ ಹಾಕಿ ಒತ್ತಿದೆ, 325ರ ಒಂದು ಮೂಲೆ ಆಗಲೇ ಬೋಳಾಗಿದೆ. ಸ್ಟೀಲ್ ಗಟ್ಟಿ ಅಂತ ಒತ್ತಬೇಕು ಅನ್ಸುತ್ತೆ, ಆದ್ರೆ ಚಾಕುವಿನ ತೂಕದ ಮೇಲೆ ಸ್ವಲ್ಪವೇ ಸ್ವಲ್ಪ ಕೈಭಾರ ಸಾಕು, ಸರ್ ಸರ್ ಅಂತ ಸದ್ದು ಬಂತು ಅಂದ್ರೆ ಕಚ್ತಿದೆ ಅಂತ ಲೆಕ್ಕ. ಪ್ಲೇಟ್ ಮೇಲೆ ನೀರಿಗೆ ಒಂದೇ ಒಂದು ತೊಟ್ಟು ಪಾತ್ರೆ ತೊಳೆಯೋ ಸೋಪು ಹಾಕ್ಕೊಂಡ್ರೆ ಪುಡಿ ಕಟ್ಕೊಳ್ಳಲ್ಲ.

ನಾನು ಮಾಡೋದು ಹೀಗೆ: ಅಂಚಿಗೆ ಕಪ್ಪು ಮಾರ್ಕರ್ ಬಳಿದು, ಒಂದೊಂದು ಪಕ್ಕ ಸುಮಾರು 17 ಡಿಗ್ರಿ ಇಟ್ಟು ನಾಲ್ಕು ಸಲ ಎಳೆದು ನೋಡ್ತೀನಿ. ಮಸಿ ಅಂಚಿನ ತುದಿವರೆಗೂ ಅಳಿಸಿದ್ರೆ ಕೋನ ಸರಿ, ಮೇಲೆ ಮಾತ್ರ ಅಳಿಸಿದ್ರೆ ಬೆನ್ನು ಸ್ವಲ್ಪ ಎತ್ತಬೇಕು. ಆಮೇಲೆ ಬರ್ ಬರೋವರೆಗೂ ಒಂದೇ ಪಕ್ಕ. ಬರ್ ಅಂದ್ರೆ ಆ ಕಡೆ ಮಡಚಿಕೊಳ್ಳೋ ಕೂದಲಿನಂಥ ಲೋಹ, ಹೆಬ್ಬೆರಳನ್ನ ಅಂಚಿಂದ ಹೊರಗಡೆಗೆ ಸವರಿದ್ರೆ ಕಚ್ಚಿದ ಹಾಗೆ ಗೊತ್ತಾಗುತ್ತೆ, ಬೆರಳಿಗೆ ಗೊತ್ತಾಗ್ಲಿಲ್ಲ ಅಂದ್ರೆ ಹತ್ತಿ ಎಳೀರಿ, ಎಳೆ ಸಿಕ್ಕಾಕ್ಕೊಳ್ಳುತ್ತೆ. ಆ ಭಾನುವಾರ ನಂಗೆ ಎರಡು ಗಂಟೆಲಿ ಸಿಗದ ಬರ್ ಈ 325ರಲ್ಲಿ ಆರೇಳು ನಿಮಿಷಕ್ಕೆ ಬಂತು, ನಿಜ ಹೇಳ್ಬೇಕಂದ್ರೆ ನಗು ಬಂತು.

ಬರ್ ತರೋದು ಸುಲಭ, ತೆಗೆಯೋದೇ ತಲೆನೋವು. ಕೊನೇಲಿ ಒಂದು ಸಲ ಈ ಪಕ್ಕ ಒಂದು ಸಲ ಆ ಪಕ್ಕ ಅಂತ ತುಂಬಾ ಹಗುರಕ್ಕೆ ಎಳೆದು ಆಮೇಲೆ ಚರ್ಮಕ್ಕೆ ಹೋಗಬೇಕು, ಆತುರ ಪಟ್ರೆ ಮೊದ್ಲು ರೇಜರ್ ಥರ ಇದ್ದು ಎರಡು ಡಬ್ಬ ಕೊಯ್ದ ಮೇಲೆ ಸತ್ತುಹೋಗುತ್ತೆ. ಚರ್ಮಕ್ಕೂ ಪೇಸ್ಟ್ ವಜ್ರದ್ದೇ ಇರಲಿ. ಹಸಿರು ಬಣ್ಣದ ಕ್ರೋಮಿಯಂ ಆಕ್ಸೈಡ್ ಮೇಣ ನನ್ ಹತ್ರ ಮೊದಲೇ ಇತ್ತು, ಅದೂ ಸಿಮೆಂಟ್ ಉಜ್ಜೋ ಪಾರ್ಟಿನೇ. ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು, ನಾನು ಮೊದಲ ಸಲ ಬ್ರೆಡ್ಡಿಗೆ ಬೆಣ್ಣೆ ಸವರಿದ ಹಾಗೆ ಸವರಿದೆ, ಅರ್ಧ ಸಿರಿಂಜು ಖಾಲಿ.

ಪಾಲಿಶ್ ಹುಚ್ಚಿರೋರಿಗೆ ಒಂದು ಮಾತು. 1200 ಆದ್ಮೇಲೆ ಇನ್ನೂ ಸಣ್ಣ ಪೇಸ್ಟ್ ಬೇರೆ ತರಿಸಿ ಎರಡು ಸಂಜೆ ಕೂತು ಕನ್ನಡಿ ಮಾಡಿದೀನಿ, ಅಂಚಲ್ಲಿ ನನ್ ಕಣ್ಣು ಕಾಣ್ತಿತ್ತು, ಫೋಟೋಗೆ ಸೂಪರ್. ಪೇಪರಲ್ಲಿ ಸದ್ದಿಲ್ದೆ ಇಳಿಯುತ್ತೆ, ಆದ್ರೆ ಹಗ್ಗದ ಮೇಲೆ ಜಾರುತ್ತೆ ಗುರು. ಅದೇ 600ಕ್ಕೆ ನಿಲ್ಲಿಸಿ ಚರ್ಮದ ಮೇಲೆ ಹತ್ತು ಸಲ ಎಳೆದ ಅಂಚು ಹಗ್ಗಾನ ಗಪ್ ಅಂತ ಹಿಡ್ಕೊಳ್ಳುತ್ತೆ, ಕಣ್ಣಿಗೆ ಕಾಣದ ಗರಗಸ ಇದ್ದ ಹಾಗೆ. ಹಾಗಾಗಿ 1200 ಪ್ಲೇಟ್ ಈಗ ನಂಗೆ ಹೆಚ್ಚುಕಮ್ಮಿ ಶೋಕಿಗೆ.

ದೂರುಗಳೂ ಇವೆ. ಹೊಸ 600 ಪ್ಲೇಟ್ ಮೊದಲ ಮೂರ್ನಾಲ್ಕು ಸಲ 325ಕ್ಕಿಂತ ಆಳದ ಗೀರು ಹಾಕ್ತು. ಎದ್ದು ನಿಂತ ವಜ್ರದ ಕಣ ಉದುರೋವರೆಗೂ ಡೈಮಂಡ್ ಪ್ಲೇಟ್ ಎಲ್ಲಾ ಹಾಗೇ, ಆದ್ರೆ ಜೊತೆಗೆ ಬಂದ ಚೀಟಿಲಿ ಅದರ ಬಗ್ಗೆ ಒಂದಕ್ಷರ ಇಲ್ಲ, ಹೊಸಬರು ಚಾಕು ಹಾಳಾಯ್ತು ಅಂತ ಗಾಬರಿ ಆಗ್ತಾರೆ. ಹಳೇ ಅಡಿಗೆ ಚಾಕು ಇದ್ರೆ ಮೊದ್ಲು ಅದನ್ನ ಉಜ್ಜಿ ಪ್ಲೇಟ್ ಪಳಗಿಸಿ. ಮರದ ಸ್ಟ್ಯಾಂಡ್ ನೀರು ಕುಡಿದು ಉಬ್ಬಿದೆ, ಪ್ಲೇಟ್ ಅಲ್ಲಾಡುತ್ತೆ, ಕೆಳಗೆ ಒದ್ದೆ ಬಟ್ಟೆ ಮಡಚಿಟ್ಟು ಕೆಲಸ ಮಾಡ್ತೀನಿ.

ಐದಕ್ಕೆ ನಾಲ್ಕು ಕೊಡ್ತೀನಿ. ಮಾಮೂಲಿ ಮೆತ್ತನೆ ಸ್ಟೀಲಿನ ಚಾಕು ಇರೋರು ಇದಕ್ಕೆ ದುಡ್ಡು ಹಾಕೋ ಅಗತ್ಯ ಇಲ್ಲ, ನಿಮ್ ಹಳೇ ಕಲ್ಲೇ ಸಾಕು. ಬೋಳಾದ ಆ 325 ಒಂದನ್ನೇ ಬಿಡಿಯಾಗಿ ಕೊಡ್ತೀರಾ ಅಂತ ಮಾರಿದೋರಿಗೆ ಮೆಸೇಜ್ ಹಾಕಿ ಮೂರು ವಾರ ಆಯ್ತು, ಉತ್ತರ ಬಂದಿಲ್ಲ.