ಕಡ್ಡಿಯಿಲ್ಲದ ಊದಿನಕಡ್ಡಿ, ಮಡಚಿಡುವ ಗಾದಿ: ಒಸಾಕಾದ್ದು ಮತ್ತು ದಾವಣಗೆರೆಯದ್ದು

ಮಗ ಜಪಾನಿನ ಒಸಾಕಾದಲ್ಲಿದ್ದಾನೆ. ಏಪ್ರಿಲ್‌ನಿಂದ ಜೂನ್‌ವರೆಗೆ ನಾನು, ನಮ್ಮ ಮನೆಯವರು ಅಲ್ಲೇ ಇದ್ದೆವು. ಅವನ ಮನೆಯಲ್ಲಿ ಇದ್ದದ್ದು ಒಂದೇ ಹಾಸಿಗೆ, ಒಂದೇ ದಿಂಬು. ದಾವಣಗೆರೆಯಿಂದ ಒಯ್ದಿದ್ದ ಊದಿನಕಡ್ಡಿ ಇಪ್ಪತ್ತೇ ದಿನಕ್ಕೆ ಮುಗಿಯಿತು. ಊರು ನೋಡಲು ಹೋದವಳು ಗಾದಿ, ಊದಿನಕಡ್ಡಿ ಅಂಗಡಿ ಸುತ್ತಿದ್ದೇ ಜಾಸ್ತಿ.

ಮೊದಲು ಗಾದಿ. ಅಲ್ಲಿ ಅದಕ್ಕೆ ಫುತೊನ್ ಅಂತಾರೆ. ಕೆಳಗೆ ಹಾಸುವುದು ಶಿಕಿಬುತೊನ್, ಮೇಲೆ ಹೊದೆಯುವುದು ಕಾಕೆಬುತೊನ್. ಒಬ್ಬರ ಗಾದಿ 100 ಸೆಂಟಿಮೀಟರ್ ಅಗಲ, 210 ಉದ್ದ. ಅಂಗಡಿಯಲ್ಲಿ ಎರಡು ನೋಡಿದೆವು. ಪಾಲಿಯೆಸ್ಟರ್ ತುಂಬಿದ್ದು 8,000 ಯೆನ್. ಪೂರ್ತಿ ಹತ್ತಿಯದ್ದು ಅದರ ಎರಡರಷ್ಟಕ್ಕೂ ಮೇಲೆ. ಮಗ ಚೀಟಿ ಓದಿ, "ಅಮ್ಮ, ಇದರಲ್ಲಿರೋದು ನಮ್ಮ ದೇಶದ ಹತ್ತಿನೇ" ಎಂದ. ಹತ್ತಿ ಗಿರಣಿಗಳಿಂದ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿನವಳು ನಾನು. ಅಲ್ಲಿಗೆ ಹೋಗಿ ಹತ್ತಿಗೆ ಅಷ್ಟು ದುಡ್ಡು ಸುರಿಯಲು ಮನಸ್ಸು ಬರಲಿಲ್ಲ. ಪಾಲಿಯೆಸ್ಟರ್‌ದೇ ಎರಡು ತಂದೆವು.

ಅದು ತಪ್ಪಾಯಿತು ಅಂತ ಜೂನ್‌ನಲ್ಲಿ ಗೊತ್ತಾಯಿತು. ಅಲ್ಲಿಗೆ ಆಗ ಮಳೆಗಾಲ. ಫುತೊನನ್ನು ದಿನಾ ಬೆಳಿಗ್ಗೆ ಮಡಚಿ ಗೋಡೆಗೂಡಿನಲ್ಲಿ ಇಡಬೇಕು. ಬಿಸಿಲು ಬಂದ ದಿನ ಬಾಲ್ಕನಿ ಕಂಬಿಗೆ ನೇತುಹಾಕಿ, ದೊಡ್ಡ ಕ್ಲಿಪ್ ಸಿಗಿಸಿ ಒಣಗಿಸಬೇಕು. ನಾನು ಮೂರು ದಿನ ಸೋಮಾರಿತನ ಮಾಡಿದೆ. ನಾಲ್ಕನೇ ದಿನ ಎತ್ತಿದರೆ ಅಡಿಯೆಲ್ಲ ಒದ್ದೆ, ಅಲ್ಲಲ್ಲಿ ಬೂಸ್ಟಿನ ಕಪ್ಪು ಚುಕ್ಕೆ. ನಮ್ಮ ಮನೆಯ ಹತ್ತಿ ಗಾದಿ ವರ್ಷಗಟ್ಟಲೆ ಮಂಚದ ಮೇಲೇ ಬಿದ್ದಿರುತ್ತದೆ, ಏನೂ ಆಗಲ್ಲ. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಮಾಳಿಗೆ ಮೇಲೆ ಒಂದು ದಿನ ಹಾಕಿದರೆ ಹಪ್ಪಳದ ಹಾಗೆ ಗರಿಗರಿ. ಗಂಟುಕಟ್ಟಿದರೆ ಹಿಂಜಿಸಿ ಮತ್ತೆ ಹೊಲಿಸಬಹುದು. ಪಾಲಿಯೆಸ್ಟರ್ ಚಪ್ಪಟೆಯಾದರೆ ಎಸೆಯುವುದೇ.

ಆದರೆ ಬೆನ್ನಿನ ವಿಷಯಕ್ಕೆ ಫುತೊನ್ ಗೆದ್ದಿತು. ನೆಲದ ಮೇಲೆ ಅಷ್ಟು ತೆಳ್ಳಗೆ ಹಾಸಿ ಮಲಗಿದರೂ ಮೂರು ತಿಂಗಳು ಸೊಂಟ ನೋವಿಲ್ಲ. ನಮ್ಮದರಲ್ಲಿ ನಡುವೆ ಗುಂಡಿ ಬಿದ್ದಿದೆ, ಅದನ್ನೂ ಹೇಳಲೇಬೇಕು.

ದಿಂಬಿನ ಕಥೆ ಬೇರೆ. ಅಲ್ಲಿ ಸೊಬಾ ಅನ್ನುವ ಕಾಳಿನ ಹೊಟ್ಟು ತುಂಬಿದ ದಿಂಬು ಸಿಗುತ್ತದೆ. ಎಳೆಗೂಸಿಗೆ ನಾವು ಸಾಸಿವೆ ದಿಂಬು ಮಾಡ್ತೀವಲ್ಲ, ಅದೇ ಬುದ್ಧಿ, ದೊಡ್ಡವರಿಗೆ. ತಲೆ ಇಟ್ಟ ಕಡೆ ಗುಳಿ ಮಾಡಿಕೊಂಡು ಕತ್ತನ್ನು ಹಿಡಿದುಕೊಳ್ಳುತ್ತದೆ. ಸೆಕೆಯಲ್ಲೂ ತಣ್ಣಗೆ. ಒಂದೇ ತಕರಾರು: ಮಗ್ಗುಲು ಬದಲಿಸಿದಾಗಲೆಲ್ಲ ಕಿವಿಯಡಿ ಒಣ ಎಲೆ ತುಳಿದ ಸದ್ದು. ನಮ್ಮ ಮನೆಯವರು ಎರಡೇ ರಾತ್ರಿಗೆ ಬೇಡ ಎಂದರು. ಒಗೆಯುವ ಹಾಗಿಲ್ಲ, ಬಿಸಿಲಿಗೆ ಹಾಕಬೇಕು ಅಷ್ಟೆ. ಆ ಹೊಟ್ಟು ಕೆಲವರಿಗೆ ಅಲರ್ಜಿಯೂ ಹೌದು. ನಮ್ಮ ಬೂರುಗದ ಅರಳೆ ದಿಂಬು ಮೊದಲ ವರ್ಷ ಸ್ವರ್ಗ, ಆಮೇಲೆ ರೊಟ್ಟಿ. ನನ್ನ ಓಟು ಹೊಟ್ಟಿನ ದಿಂಬಿಗೇ.

ಹೊದಿಕೆಗೆ ಚಳ್ಳಕೆರೆ ಕಂಬಳಿ ಒಯ್ದಿದ್ದೆ. ಮಗ ಅದನ್ನು ನೆಲಕ್ಕೆ ಹಾಸಿ ಲ್ಯಾಪ್‌ಟಾಪ್ ಹಿಡಿದು ಕೂರುತ್ತಾನೆ. ಚುಚ್ಚುತ್ತಂತೆ!

ಇನ್ನು ಊದಿನಕಡ್ಡಿ. ಬಂದ ಹೊಸದರಲ್ಲಿ ನಮ್ಮೂರಿನದ್ದೇ ನಾಲ್ಕು ಒಟ್ಟಿಗೆ ಹಚ್ಚಿದೆ. ಸೂರಿನಲ್ಲಿದ್ದ ಡಬ್ಬಿ "ಕಾಜಿ ದೆಸು, ಕಾಜಿ ದೆಸು" ಅಂತ ಅರಚಿಕೊಂಡಿತು. ಬೆಂಕಿ ಬಿದ್ದಿದೆ ಅಂತ ಅರ್ಥ. ಅಲ್ಲಿ ಪ್ರತಿ ಮನೆಯಲ್ಲೂ ಇಂಥದ್ದು ಇರಲೇಬೇಕಂತೆ.

ಆಮೇಲೆ ನೂರು ಯೆನ್ ಅಂಗಡಿಯಿಂದ ಅವರದ್ದು ತಂದೆ. ತೆರಿಗೆ ಸೇರಿ 110. ಹಸಿರು ಬಣ್ಣ, ನಡುವೆ ಬಿದಿರು ಕಡ್ಡಿಯೇ ಇಲ್ಲ. ಮರದ ತೊಗಟೆ ಪುಡಿ, ಗಂಧದ ಪುಡಿ ನಾದಿ ಶಾವಿಗೆ ಒತ್ತಿದ ಹಾಗೆ ಒತ್ತುತ್ತಾರೆ. ಹಚ್ಚಿದೆ, ಮಗ ಮೂಗು ಮುರಿದ. "ಅಮ್ಮ, ಇಲ್ಲಿಯವರು ಇದನ್ನ ಸಮಾಧಿ ಮುಂದೆ ಹಚ್ಚೋದು." ಆ ಪೊಟ್ಟಣ ಹಾಗೇ ಉಳಿಯಿತು.

ಕ್ಯೋತೊದಲ್ಲಿ ಒಂದು ಹಳೇ ಅಂಗಡಿಗೆ ಹೋದೆವು. ಅಲ್ಲಿ ಶ್ರೀಗಂಧದ್ದು ಕೇಳಿದೆ. ಅಂಗಡಿಯಾಕೆ ಎರಡು ಕೈಯಲ್ಲಿ ಡಬ್ಬಿ ಹಿಡಿದು "ಇಂದೊ, ಇಂದೊ" ಎಂದಳು. ಇಂಡಿಯಾಕ್ಕೆ ಅವರು ಹಾಗೆ ಅಂತಾರೆ. ನಮ್ಮ ಕಡೆಯ ಗಂಧವನ್ನೇ ಅಲ್ಲಿ ನಿಂತು 1,500 ಯೆನ್‌ಗೆ ಕೊಂಡೆ! ಹೊಗೆ ತೀರಾ ಕಡಿಮೆ. ಬೂದಿ ತುಂಬಿದ ಬಟ್ಟಲಲ್ಲಿ ನಿಲ್ಲಿಸಬೇಕು. ಬಾಯಲ್ಲಿ ಊದಿ ಆರಿಸಬಾರದು, ಕೈ ಬೀಸಬೇಕು. ಅದು ಮಾತ್ರ ನಮ್ಮ ಮನೆಯ ಕ್ರಮವೇ. ನಮ್ಮ ಅಗ್ಗದ ಕಡ್ಡಿಯಲ್ಲಿ ಬಿದಿರು, ಇದ್ದಿಲು, ಮೇಲೆ ಅದ್ದಿದ ಸೆಂಟು ಎಲ್ಲ ಒಟ್ಟಿಗೆ ಉರಿದು ನನಗೆ ಸೀನು ಬರುತ್ತದೆ. ಇದಕ್ಕೆ ಒಂದು ಸೀನೂ ಇಲ್ಲ. ಆದರೆ ಪರಿಮಳ ಪಕ್ಕದ ಕೋಣೆಗೂ ದಾಟಲ್ಲ. ಪೂಜೆ ಆಯ್ತು ಅಂತ ಬೀದಿಗೆ ಗೊತ್ತಾಗಬೇಕಲ್ವಾ?

ವಾಪಸ್ ಬರುವಾಗ ಗಾದಿ, ದಿಂಬು ಅಲ್ಲೇ ಬಿಟ್ಟೆವು. ಊದಿನಕಡ್ಡಿ ಡಬ್ಬಿ ಮಾತ್ರ ತಂದೆ. ನಮ್ಮತ್ತೆ ತಿರುಗಿಸಿ ತಿರುಗಿಸಿ ನೋಡಿದರು. "ಇದೇನೇ, ಕಡ್ಡಿನೇ ಇಲ್ಲದ ಊದಿನಕಡ್ಡಿ?" ಅಂದು, ಎಂದಿನಂತೆ ಬಾಳೆಹಣ್ಣಿಗೆ ಚುಚ್ಚಲು ಹೋದರು. ಪಟ್ಟಂತ ಎರಡು ತುಂಡು. ಇನ್ನೊಂದು ತೆಗೆದರು, ಅದೂ ಮುರಿಯಿತು. ಡಬ್ಬಿ ನನ್ನ ಕೈಗೇ ಬಂತು. ಈಗ ರಾತ್ರಿ ಓದುವಾಗ ಒಂದೊಂದು ಹಚ್ಚುತ್ತೇನೆ. ದೇವರ ಮನೆಗೆ ನಮ್ಮೂರ ಮಂಡಿಪೇಟೆಯಿಂದ ತಂದದ್ದೇ.