ಎರಡು ದಿನದ ಟ್ರೇನರ್ ಕೋರ್ಸ್ ಮಾಡಿ ಹನ್ನೊಂದು ಹುಡುಗರ ಸರ್ಟಿಫಿಕೇಟಿಗೆ ಸಹಿ ಹಾಕಿದೆ

2025ರ ಜೂನ್‌ನಲ್ಲಿ ನಮ್ಮೂರಿನ 11 ಹುಡುಗರು ಬೆಂಗಳೂರಿಗೆ ಹೋಗಿ ಮೂರನೇ ದಿನಕ್ಕೆ ವಾಪಸ್ ಬಂದರು. ಸೆಕ್ಯೂರಿಟಿ ಏಜೆನ್ಸಿಯೊಂದರಲ್ಲಿ ಕೆಲಸ ಸಿಗುತ್ತದೆ ಎಂದು ಹೋದವರು. ಅವರ ಕೈಯಲ್ಲಿದ್ದ ತರಬೇತಿ ಸರ್ಟಿಫಿಕೇಟಿನಲ್ಲಿ ನನ್ನ ಸಹಿ ಇತ್ತು. ಏಜೆನ್ಸಿಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ನಡೆಯಲ್ಲ" ಎಂದು ಕಳಿಸಿದರು.

ಸೇನೆಯಿಂದಲೋ ಪೊಲೀಸ್ ಇಲಾಖೆಯಿಂದಲೋ ನಿವೃತ್ತರಾಗಿ, ಸೆಕ್ಯೂರಿಟಿ ಟ್ರೇನರ್ ಆಗಬೇಕು ಎಂದುಕೊಂಡಿರುವವರು ದಯವಿಟ್ಟು ಇದನ್ನು ಓದಿ. ನಿಮ್ಮನ್ನೇ ಹುಡುಕಿಕೊಂಡು ಬರುವ ಜನ ಇದ್ದಾರೆ.

ನಾನು ಬೆಳಗಾವಿ ಜಿಲ್ಲೆಯವನು. ಸೇನೆಯಲ್ಲಿ 24 ವರ್ಷ ಇದ್ದು ಹವಾಲ್ದಾರ್ ಆಗಿ ನಿವೃತ್ತನಾದೆ. ಅದರಲ್ಲಿ ಮೂರು ವರ್ಷ ರಂಗರೂಟುಗಳಿಗೆ, ಅಂದರೆ ಹೊಸದಾಗಿ ಸೇರಿದವರಿಗೆ, ಕಲಿಸುವ ಉಸ್ತಾದ್ ಆಗಿದ್ದೆ. ಕಲಿಸುವುದು ನನಗೆ ತುಂಬಾ ಇಷ್ಟದ ಕೆಲಸ. ಊರಿಗೆ ಬಂದ ಮೇಲೆ ಹುಡುಗರು "ಫೌಜಿ ಕಾಕಾ, ನಮಗೂ ಏನಾದರೂ ಹೇಳಿಕೊಡ್ರಿ" ಎನ್ನುತ್ತಿದ್ದರು. ಹೊಲದ ಕೆಲಸ ಬಿಟ್ಟರೆ ಅವರಿಗೆ ಬೇರೆ ದಾರಿ ಇರಲಿಲ್ಲ. ಬೆಂಗಳೂರು, ಪುಣೆಯಲ್ಲಿ ಗಾರ್ಡ್ ಕೆಲಸಕ್ಕೆ ಜನ ಬೇಕು ಎಂದು ಎಲ್ಲರಿಗೂ ಗೊತ್ತು. ನಾನೇ ಸರಿಯಾಗಿ ಟ್ರೇನರ್ ಆದರೆ ಇವರನ್ನು ತಯಾರು ಮಾಡಬಹುದಲ್ವಾ ಎಂದುಕೊಂಡೆ.

ಆಗಲೇ ನಿವೃತ್ತ ಸೈನಿಕರ ವಾಟ್ಸಾಪ್ ಗ್ರೂಪಿನಲ್ಲಿ ಆ ಜಾಹೀರಾತು ಬಂತು. ಎರಡೇ ದಿನದ ಕೋರ್ಸ್. ಮುಗಿಸಿದವರಿಗೆ "ಅಂತರರಾಷ್ಟ್ರೀಯ ಮಾಸ್ಟರ್ ಟ್ರೇನರ್" ಎಂಬ ಪ್ರಮಾಣಪತ್ರ. ಸರ್ಕಾರಿ ನೋಂದಾಯಿತ ಸಂಸ್ಥೆ, ಐಎಸ್‌ಒ ಪ್ರಮಾಣಿತ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರು. ಮೂಲೆಯಲ್ಲಿ ಸರ್ಕಾರದ ಕೌಶಲ ಯೋಜನೆಯದೇ ಎನಿಸುವಂಥ ಒಂದು ಚಿಹ್ನೆ. ಫೋನ್ ಮಾಡಿದಾಗ ಎತ್ತಿದವನು "ಜೈ ಹಿಂದ್ ಸಾಹೇಬ್ರೆ" ಎಂದೇ ಮಾತು ಶುರು ಮಾಡಿದ. ಅಲ್ಲೇ ನಾನು ಅರ್ಧ ಒಪ್ಪಿಬಿಟ್ಟಿದ್ದೆ. ಫೀ 28,000 ರೂಪಾಯಿ. ಅದನ್ನು ಸಂಸ್ಥೆಯ ಖಾತೆಗಲ್ಲ, ಒಬ್ಬರ ಸ್ವಂತ ನಂಬರಿಗೆ ಫೋನ್‌ಪೇ ಮಾಡಿ ಎಂದರು. ಮಾಡಿದೆ.

ಫೆಬ್ರವರಿಯಲ್ಲಿ ಹುಬ್ಬಳ್ಳಿಯ ಒಂದು ಹೋಟೆಲ್ ಹಾಲ್‌ನಲ್ಲಿ ಕೋರ್ಸ್ ನಡೆಯಿತು. ಮೊದಲ ದಿನ ಮಾತು ಜಾಸ್ತಿ, ಪಾಠ ಕಡಿಮೆ. ಎರಡನೇ ದಿನ ಮಧ್ಯಾಹ್ನದವರೆಗೆ ಸ್ಲೈಡುಗಳು. ಆಮೇಲೆ 20 ಪ್ರಶ್ನೆಯ ಪರೀಕ್ಷೆ. ಉತ್ತರಗಳನ್ನು ಹಿಂದಿನ ದಿನವೇ ಬರೆಸಿದ್ದರು. ಕೊನೆಗೆ ಕಪ್ಪು ಗೌನ್, ಟೋಪಿ ಹಾಕಿಸಿ ಫೋಟೋ ತೆಗೆದರು. ಒಬ್ಬರೂ ನಮ್ಮಿಂದ ಒಂದು ಪಾಠ ಮಾಡಿಸಿ ನೋಡಲಿಲ್ಲ. ಟ್ರೇನರ್ ಕೋರ್ಸ್ ಎಂದ ಮೇಲೆ ಬೋರ್ಡಿನ ಮುಂದೆ ನಿಲ್ಲಿಸಬೇಕು, ತಪ್ಪು ತಿದ್ದಬೇಕು. ಸೇನೆಯಲ್ಲಿ ಉಸ್ತಾದ್ ಆಗುವ ಮುಂಚೆ ನಮ್ಮನ್ನು ಎಷ್ಟು ಸಲ ನಿಲ್ಲಿಸಿ ಪಾಠ ಮಾಡಿಸಿದ್ದರು ಎಂಬುದು ನನಗೆ ಗೊತ್ತಿತ್ತು. ಆದರೂ ಕೇಳಲಿಲ್ಲ.

ಅವರು ಕೊಟ್ಟ ಪುಸ್ತಕದ ಬಗ್ಗೆ ಒಂದು ಮಾತು ಹೇಳಲೇಬೇಕು. ಕಾನೂನಿನ ಅಧ್ಯಾಯದಲ್ಲಿ ಆತ್ಮರಕ್ಷಣೆಯ ಹಕ್ಕಿಗೆ ಐಪಿಸಿ ಸೆಕ್ಷನ್‌ಗಳು, ಎಫ್‌ಐಆರ್‌ಗೆ ಸಿಆರ್‌ಪಿಸಿ 154 ಎಂದು ಬರೆದಿತ್ತು. ಆದರೆ 2024ರ ಜುಲೈ 1ರಿಂದಲೇ ಆ ಎರಡೂ ಕಾನೂನುಗಳ ಜಾಗಕ್ಕೆ ಹೊಸವು ಬಂದಿವೆ. ಆತ್ಮರಕ್ಷಣೆಯ ಹಕ್ಕು ಈಗ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳಲ್ಲಿದೆ. ಎಫ್‌ಐಆರ್ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ರಲ್ಲಿದೆ. ಕೋರ್ಸಿಗೆ ಏಳು ತಿಂಗಳ ಮುಂಚೆಯೇ ಬದಲಾದ ಕಾನೂನು ಆ ಪುಸ್ತಕಕ್ಕೆ ಬಂದಿರಲಿಲ್ಲ. ನಾನು ಅದನ್ನೇ ಹುಡುಗರಿಗೆ ಓದಿ ಹೇಳಿದೆ.

ಕೋರ್ಸ್ ಮುಗಿದ ದಿನ ಅವರು ಇನ್ನೊಂದು ಮಾತು ಹೇಳಿದ್ದರು. ಇನ್ನು ನೀವೇ ತರಬೇತಿ ಕೊಡಬಹುದು, ಹುಡುಗರ ಹೆಸರು ಕಳಿಸಿ, ನಾವು ಸರ್ಟಿಫಿಕೇಟ್ ಪ್ರಿಂಟ್ ಮಾಡಿ ಕಳಿಸುತ್ತೇವೆ, ತಲೆಗೆ 1,500 ರೂಪಾಯಿ. ನಾನು ನಂಬಿದೆ. ಏಪ್ರಿಲ್‌ನಲ್ಲಿ ಶಾಲೆಯ ಮೈದಾನದಲ್ಲಿ ಹತ್ತು ದಿನ, ದಿನಾ ಬೆಳಗ್ಗೆ ಮೂರು ಗಂಟೆ ಕಲಿಸಿದೆ. ಪಿಟಿ, ಡ್ರಿಲ್, ಗೇಟ್ ಡ್ಯೂಟಿ, ರಿಜಿಸ್ಟರ್ ಬರೆಯುವುದು, ಬೆಂಕಿ ನಂದಿಸುವುದು. ಮನಸ್ಸಿಟ್ಟು ಕಲಿಸಿದೆ. ಹುಡುಗರೂ ಒಂದು ದಿನ ತಪ್ಪಿಸಲಿಲ್ಲ.

ಬೆಂಗಳೂರಿನಿಂದ ಅವರು ವಾಪಸ್ ಬಂದ ಮೇಲೆ ಆ ಏಜೆನ್ಸಿಯ ತರಬೇತಿ ನೋಡಿಕೊಳ್ಳುವವರಿಗೆ ನಾನೇ ಫೋನ್ ಮಾಡಿದೆ. ಅವರೂ ನಿವೃತ್ತ ಸುಬೇದಾರ್. ಬೈಯಲಿಲ್ಲ. "ನೀವು ಪಸಾರಾ ನಿಯಮ ಓದಿದ್ದೀರಾ?" ಎಂದು ಕೇಳಿದರು. ಓದಿರಲಿಲ್ಲ. ಅವತ್ತು ರಾತ್ರಿ ಕೂತು ಓದಿದೆ.

ನಾವೆಲ್ಲ ಪಸಾರಾ ಎನ್ನುವುದು 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯನ್ನು. ನಿಗದಿ ಮಾಡಿದ ತರಬೇತಿ ಮುಗಿಸದವರನ್ನು ಏಜೆನ್ಸಿ ಗಾರ್ಡ್ ಆಗಿ ಇಟ್ಟುಕೊಳ್ಳುವಂತಿಲ್ಲ ಎಂದು ಅದು ಹೇಳುತ್ತದೆ. ಆ ತರಬೇತಿ ಎಷ್ಟು ಎಂಬುದು ಮಾದರಿ ನಿಯಮಗಳಲ್ಲಿದೆ. ತರಗತಿಯಲ್ಲಿ 100 ಗಂಟೆ, ಹೊರಗೆ 60 ಗಂಟೆ, ಕಡಿಮೆ ಎಂದರೂ 20 ಕೆಲಸದ ದಿನ. ಮಾಜಿ ಸೈನಿಕರಿಗೆ, ಮಾಜಿ ಪೊಲೀಸರಿಗೆ ರಿಯಾಯಿತಿ ಇದೆ. ಆದರೆ ಅವರಿಗೂ 40 ಗಂಟೆ ತರಗತಿ, 16 ಗಂಟೆ ಹೊರಗಿನ ತರಬೇತಿ, ಏಳು ದಿನ ಬೇಕೇ ಬೇಕು. ನಾನು ಕಲಿಸಿದ್ದು ಒಟ್ಟು 30 ಗಂಟೆ. 160 ಎಲ್ಲಿ, 30 ಎಲ್ಲಿ?

ಏನೇನು ಕಲಿಸಬೇಕು ಎಂಬುದೂ ಅಲ್ಲೇ ಇದೆ. ಗುರುತಿನ ಚೀಟಿ, ಪಾಸ್‌ಪೋರ್ಟ್ ಪರಿಶೀಲನೆ, ಗುಂಪು ನಿಯಂತ್ರಣ, ಕಚ್ಚಾ ಬಾಂಬ್ ಗುರುತಿಸುವುದು, ಪ್ರಥಮ ಚಿಕಿತ್ಸೆ, ಅಲಾರ್ಮ್ ಮತ್ತು ತಪಾಸಣೆ ಯಂತ್ರಗಳ ಬಳಕೆ, ಪೊಲೀಸ್ ಮತ್ತು ಸೇನೆಯ ದರ್ಜೆಯ ಬ್ಯಾಡ್ಜ್‌ಗಳು. ಇವುಗಳಲ್ಲಿ ಅರ್ಧದಷ್ಟು ಹುಬ್ಬಳ್ಳಿಯ ಆ ಹಾಲ್‌ನಲ್ಲಿ ಬಂದೇ ಇರಲಿಲ್ಲ.

ದೇಹದ ಅಳತೆಯ ವಿಷಯ ಓದಿದಾಗ ನನಗೆ ಕೈಕಾಲು ತಣ್ಣಗಾಯಿತು. ಗಂಡಸರಿಗೆ 160 ಸೆಂಟಿಮೀಟರ್ ಎತ್ತರ, ಆರು ನಿಮಿಷದಲ್ಲಿ ಒಂದು ಕಿಲೋಮೀಟರ್ ಓಟ. ಬಣ್ಣಗುರುಡು ಇರಬಾರದು. ನಮ್ಮ ಹುಡುಗರಲ್ಲಿ ಒಬ್ಬನಿಗೆ ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ. ಅವನಿಗೇ ಅದು ಗೊತ್ತಿರಲಿಲ್ಲ. ಬೆಂಗಳೂರಿನ ತಪಾಸಣೆಯಲ್ಲಿ, ಎಲ್ಲರ ಎದುರು ಗೊತ್ತಾಯಿತು. ಮೊದಲ ದಿನವೇ ನಾನು ಪರೀಕ್ಷೆ ಮಾಡಿಸಿದ್ದರೆ ಅವನು ಸಾಲ ಮಾಡಿ ಬೆಂಗಳೂರಿಗೆ ಹೋಗುತ್ತಿರಲಿಲ್ಲ. ಅವನ ತಾಯಿ ನನ್ನ ಮನೆಗೆ ಬಂದು ಒಂದು ಮಾತೂ ಆಡದೆ ಕಟ್ಟೆಯ ಮೇಲೆ ಕೂತಿದ್ದರು. ಬೈದಿದ್ದರೆ ಚೆನ್ನಾಗಿತ್ತು.

ಆ ಸಂಸ್ಥೆಗೆ ಫೋನ್ ಮಾಡಿದೆ. "ಸರ್ಕಾರದ ಕೋರ್ಸ್ ಅಂತ ನಾವು ಎಲ್ಲೂ ಹೇಳಿಲ್ಲ" ಎಂದರು. ಸರ್ಕಾರಿ ನೋಂದಾಯಿತ ಎಂದರೆ ಅವರ ಟ್ರಸ್ಟ್ ನೋಂದಣಿ ಆಗಿದೆ ಎಂದಷ್ಟೇ ಅರ್ಥವಂತೆ. ಐಎಸ್‌ಒ ಎಂದರೆ ಕಚೇರಿಯ ಕೆಲಸದ ಪದ್ಧತಿಗೆ ಸಿಕ್ಕಿದ ಪ್ರಮಾಣಪತ್ರ. ತರಬೇತಿ ಕೊಡುವ ಅಧಿಕಾರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ 6,000 ರೂಪಾಯಿ ವಾಪಸ್ ಹಾಕಿದರು. ಉಳಿದದ್ದು ಇನ್ನೂ ಬಂದಿಲ್ಲ. ಹುಡುಗರು ಕೊಟ್ಟ ದುಡ್ಡನ್ನು ನಾನು ಪೆನ್ಷನ್‌ನಿಂದ ತಿರುಗಿ ಕೊಟ್ಟೆ.

ಈಗ ನನಗೆ ತಿಳಿದಿರುವುದನ್ನು ಹೇಳುತ್ತೇನೆ. ಇದರಲ್ಲಿ ಎರಡು ಬೇರೆ ಬೇರೆ ವಿಷಯ ಇವೆ, ಮೋಸ ಮಾಡುವವರು ಎರಡನ್ನೂ ಕಲಸಿ ಮಾತಾಡುತ್ತಾರೆ. ಒಂದು, ಗಾರ್ಡ್‌ಗಳಿಗೆ ಪಸಾರಾ ತರಬೇತಿ ಕೊಡುವ ಸಂಸ್ಥೆಗೆ ರಾಜ್ಯದ ನಿಯಂತ್ರಣ ಪ್ರಾಧಿಕಾರದ ಮಾನ್ಯತೆ ಇದೆಯೇ ಎಂಬುದು. ಯಾವ ಖಾಸಗಿ ಸರ್ಟಿಫಿಕೇಟೂ ಈ ಮಾನ್ಯತೆಯ ಬದಲಿಗೆ ನಡೆಯುವುದಿಲ್ಲ. ಇನ್ನೊಂದು, ಟ್ರೇನರ್‌ಗೆ ಇರಬೇಕಾದ ಕೌಶಲ ಪ್ರಮಾಣಪತ್ರ. ಸರ್ಕಾರದ ಕೌಶಲ ವ್ಯವಸ್ಥೆಯಲ್ಲಿ ಅದೂ ಒಂದಲ್ಲ, ಎರಡು. ಗಾರ್ಡ್ ಕೆಲಸ ನಿಮಗೆ ಬರುತ್ತದೆ ಎಂಬುದಕ್ಕೆ ಒಂದು, ಕಲಿಸಲು ಬರುತ್ತದೆ ಎಂಬುದಕ್ಕೆ ಇನ್ನೊಂದು. ಭದ್ರತಾ ಕ್ಷೇತ್ರದ ಗಾರ್ಡ್ ಹುದ್ದೆಯ ಕೋರ್ಸುಗಳು ಎಂಇಪಿಎಸ್‌ಸಿ ಎಂಬ ಸ್ಕಿಲ್ ಕೌನ್ಸಿಲ್ ಕೆಳಗೆ ಬರುತ್ತವೆ. ಪ್ರಮಾಣಪತ್ರ ಕೊಡುವ ಸಂಸ್ಥೆಗಳಿಗೆ ಮಾನ್ಯತೆ ಕೊಡುವುದು ಎನ್‌ಸಿವಿಇಟಿ ಎಂಬ ಕೇಂದ್ರ ಸರ್ಕಾರದ ಸಂಸ್ಥೆ. ಯಾರಾದರೂ ಟ್ರೇನರ್ ಸರ್ಟಿಫಿಕೇಟ್ ಕೊಡುತ್ತೇವೆ ಎಂದರೆ ಹುದ್ದೆಯ ಕೋಡ್ ಏನು, ಎನ್‌ಎಸ್‌ಕ್ಯೂಎಫ್ (ಸರ್ಕಾರದ ಕೌಶಲ ಶ್ರೇಣಿ) ಮಟ್ಟ ಎಷ್ಟು ಎಂದು ಕೇಳಿ. ಉತ್ತರ ತಡವರಿಸಿದರೆ ಅಲ್ಲೇ ಫೋನ್ ಇಟ್ಟುಬಿಡಿ. ದುಡ್ಡನ್ನು ಯಾರದೋ ಸ್ವಂತ ನಂಬರಿಗೆ ಹಾಕಿ ಎಂದರೂ ಅಷ್ಟೇ. ದುಡ್ಡು ಕಟ್ಟುವ ಮುಂಚೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಒಮ್ಮೆ ಕೇಳಿ. ನಾನು ಹೋಗಿದ್ದರೆ ಒಂದು ಬಸ್ ಚಾರ್ಜಿನಲ್ಲಿ ಮುಗಿಯುತ್ತಿತ್ತು.

ಮೂವರು ಹುಡುಗರು ಈಗ ಮಾನ್ಯತೆ ಇರುವ ಕೇಂದ್ರದಲ್ಲಿ ಮತ್ತೆ ಮೊದಲಿನಿಂದ ತರಬೇತಿ ಮುಗಿಸಿದ್ದಾರೆ. ಬಣ್ಣ ಕಾಣದ ಹುಡುಗ ಬೈಲಹೊಂಗಲದಲ್ಲಿ ಒಂದು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದಾನೆ. ನಾನು ಸಹಿ ಹಾಕಿದ 11 ಸರ್ಟಿಫಿಕೇಟುಗಳಲ್ಲಿ 10 ವಾಪಸ್ ಪಡೆದು ಹರಿದು ಹಾಕಿದ್ದೇನೆ. ಹನ್ನೊಂದನೆಯವನು ಪುಣೆಗೆ ಹೋಗಿದ್ದಾನೆ, ನನ್ನ ಫೋನ್ ಎತ್ತುತ್ತಿಲ್ಲ. ಅಲ್ಲಿ ಏಜೆನ್ಸಿಗಳಲ್ಲಿ ಕೆಲಸ ಮಾಡುವ ಕನ್ನಡದವರು ಇದನ್ನು ಓದುತ್ತಿದ್ದರೆ ಒಂದು ಉಪಕಾರ ಮಾಡಿ. ಎರಡು ದಿನದ ಮಾಸ್ಟರ್ ಟ್ರೇನರ್ ಒಬ್ಬನ ಸಹಿ ಇರುವ ಸರ್ಟಿಫಿಕೇಟ್ ಹಿಡಿದು ಬೆಳಗಾವಿ ಕಡೆಯ ಹುಡುಗ ಬಂದರೆ ಗದರಿಸಬೇಡಿ. ಸರಿಯಾದ ತರಬೇತಿ ಎಲ್ಲಿ ಸಿಗುತ್ತದೆ ಎಂದು ಹೇಳಿ, ಕಾಕಾನಿಗೆ ಒಂದು ಫೋನ್ ಮಾಡು ಎಂದು ಹೇಳಿ.